ಬರೇ ಅಕ್ಷರದ ಗೇಮ್ ಆಡ್ತೀನಂದ್ರ ದೋಸ್ತರು ನಗ್ತಾರ, ಇದ್ರಾಗ ಏನದ ಅಂತ ಅವರಿಗೆ ಹೆಂಗ ಹೇಳ್ಲಿ?

ಲಿಂಬಿ_ತ್ವಾಟ (ಇಂಡಿ), ರಾತ್ರಿ 1:20

ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಇಂಡಿ ತಾಲೂಕಿನ್ಯಾಗ ಸಣ್ಣ ಹಳ್ಳಿ, ಲಿಂಬಿ ತ್ವಾಟ ಅದ, ಡಿಪ್ಲೊಮಾ ಮುಗಿಸಿ ಸದ್ಯಕ್ಕ ಅಪ್ಪನ ಕೂಡ ಹೊಲದಾಗೇ ಅದೀನಿ. ನಮ್ಮ ಲೈನಿಗೆ ಥ್ರೀ ಫೇಸ್ ಕರೆಂಟ್ ಬರೂದು ಭಾಳ ಸರ್ತಿ ರಾತ್ರಿನೇ, ಹಂಗಾಗಿ ಪಂಪ್‌ಸೆಟ್ ಮನಿ ಮುಂದ ಹೊರಸ ಹಾಕ್ಕೊಂಡು ಕರೆಂಟಿನ ದಾರಿ ಕಾಯೂ ಪಾಳಿ ನಂದು. ನೆಟ್‌ವರ್ಕ್ ಒಂದ್ ಕಡ್ಡಿ ಬರ್ತದ, ಅದೂ ಫೋನ್ ಬೇವಿನ ಗಿಡದ ಕಡೆ ತಿರುವಿ ಹಿಡದ್ರ. ರೀಲ್ಸ್ ತಿರಗತದ ತಿರಗತದ, ಹತ್ತಂಗಿಲ್ಲ.

ಹಿಂಗಿರೂ ಮುಂದ ನಮ್ಮ ಸೀನಿಯರ್ ಒಬ್ಬ ಒಂದ್ ಆ್ಯಪು ಮತ್ತ ಅದರಾಗ ಹಾಕೂ ನಾಕ್ ಫೈಲ್ ಕಳಿಸಿದ. ಕೊಲಾಸಲ್ ಕೇವ್ ಅಂತ ಒಂದು, ಝಾರ್ಕ್ ಅಂತ ಒಂದು, ಇನ್ನೆರಡು ನಾ ಇನ್ನೂ ಬಿಚ್ಚಿಲ್ಲ. ಒಂದೊಂದ್ ಫೈಲ್ ವಾಟ್ಸಾಪಿನ್ಯಾಗ ಬರೋ ಒಂದ್ ಫೋಟೋದಷ್ಟ. ಓಪನ್ ಮಾಡಿದ್ರ ಮೂರ್ ಸಾಲ ಇಂಗ್ಲಿಷು, ಕೆಳಗ ಒಂದ್ ಗೆರಿ ಮಿಣಮಿಣ ಅಂತದ, ಮುಗೀತು. ನಾ ಅನಕೊಂಡೆ ಲೋಡ್ ಆಗ್ಲಾಕತ್ತದ ಅಂತ, ಐದ ನಿಮಿಷ ಕಾಯ್ದೀನ್ರಿ ಖರೇನ. ಆಮ್ಯಾಲ ಗೊತ್ತಾತು, ನಾ ಏನರ ಟೈಪ್ ಮಾಡ್ಲಿ ಅಂತ ಅದು ನನ್ನ ದಾರಿ ಕಾಯ್ಲಾಕತ್ತಿತ್ತು.

ರಸ್ತೆ ತುದಿಗೆ ನಿಂತೀದಿ, ಮುಂದ ಸಣ್ಣ ಇಟ್ಟಂಗಿ ಮನಿ, ಒಂದ್ ಹಳ್ಳ ಹರಿತದ. ಒಳಗ ಹೋದ್ರ ಕೀಲಿಕೈ, ದೀಪ, ತಿನ್ನೂದು, ನೀರಿನ ಬಾಟ್ಲಿ. ಅಷ್ಟ. ಎರಡ್ ತಾಸ್ ಹೆಂಗ ಹೋತೋ ತಿಳೀಲಿಲ್ಲ, ಕರೆಂಟ್ ಬಂದು ಹೋಗಿತ್ತು, ಮುಂಜಾನೆ ಅಪ್ಪ ಬೈದದ್ದ ಬ್ಯಾರೆ. ನೆಲದಾಗಿನ ಗುಹ್ಯಾಗ ದೀಪದ ಬ್ಯಾಟರಿ ಮುಗಿಲಾಕ ಬಂತು ಅಂತ ಒಂದ್ ಸಾಲ್ ಬಂದಾಗ ನನ್ನ ಎದಿ ಡಬಡಬ ಅಂತಿತ್ತು, ಫೋನಿನ್ಯಾಗ ನೋಡಿದ್ರ ಚಾರ್ಜ್ 80 ಅದ! ಪಬ್ಜಿ ಆಡುವಾಗ ಹಿಂಗ ಎಂದೂ ಆಗಿದ್ದಿಲ್ಲ.

ದೋಸ್ತರಿಗೆ ತೋರಿಸಿದೆ. ಏ ಇದೇನೋ ಮಾರಾಯ, ಬ್ಯಾಂಕಿನ ಎಸ್ಸೆಮ್ಮೆಸ್ ಓದಿದಂಗ ಅದಲ್ಲೋ ಅಂದ್ರು. ನಂಗ ಉತ್ತರ ಕೊಡ್ಲಾಕ ಬರಲಿಲ್ಲ. ಚಿತ್ರ ಇಲ್ಲ, ಸಪ್ಪಳಿಲ್ಲ, ನನ್ನ ಇಂಗ್ಲಿಷೂ ಅಷ್ಟಕ್ಕಷ್ಟ, ಡಿಕ್ಷನರಿ ನೋಡಕೋತ ಆಡ್ತೀನಿ, ಆದ್ರೂ ಯಾಕ ಇಷ್ಟ ಹಿಡಿತದ? ನಿಮ್ಮೊಳಗ ಯಾರರ ಇಂಥವು ಆಡೀರೇನು? ಮುಂದ ಏನ್ ಆಡ್ಲಿ, ಲೆವೆಲ್ಲು ಗಿವೆಲ್ಲು ಇರೂ ಪಕ್ಕಾ ರೋಲ್ ಪ್ಲೇಯಿಂಗ್ ಥರದ್ದು? ಮತ್ತ ಕನ್ನಡದಾಗ ಮಾಡ್ಲಾಕ ಬರ್ತದೇನು ಅಂತೂ ಗೊತ್ತಿದ್ದೋರು ಹೇಳ್ರಿ.


ಟಿಳಕವಾಡಿ_ಕಾಕಾ (ಬೆಳಗಾವಿ), ಮುಂಜಾನೆ 7:05

ತಮ್ಮಾ, ನಿನ್ನ ಪೋಸ್ಟ್ ಓದಿ ಚಾ ಆರಿ ಹೋತು ನೋಡು. ನಾ ಈಗ ಐವತ್ತ ದಾಟೇನಿ, ಈ ಹುಚ್ಚು 93ರಿಂದ ಐತಿ.

ಮೊದಲ ನಿನ್ನ ಗುಹಿ ಕಥಿ ಹೇಳ್ತೇನಿ, ಯಾಕಂದ್ರ ಅದು ಖರೇ ಗುಹಿ. ಅಮೆರಿಕಾದಾಗ ಕೆಂಟಕಿ ಅಂತೈತಿ, ಅಲ್ಲಿ ಮ್ಯಾಮತ್ ಕೇವ್. ವಿಲ್ ಕ್ರೌಥರ್ ಅನ್ನಾವ ಪ್ರೋಗ್ರಾಮರ್ ಇದ್ದ, ಇಂಟರ್ನೆಟ್ಟಿನ ಅಜ್ಜ ಅರ್ಪಾನೆಟ್ ಕಟ್ಟಿದ ಕಂಪನಿಯೊಳಗ, ಬಿಬಿಎನ್ ಅಂತ. ಹೆಂಡತಿ ಪ್ಯಾಟ್, ಅಕೀನೂ ಗುಹಿ ಇಳಿಯಾಕಿನ. 1972ರಾಗ ಫ್ಲಿಂಟ್ ರಿಜ್ ಗುಹಿಗೂ ಮ್ಯಾಮತ್ ಗುಹಿಗೂ ಒಳಗಿಂದೊಳಗ ದಾರಿ ಐತಿ ಅಂತ ಹುಡುಕಿದ ತಂಡದಾಗ ಅಕಿ ಇದ್ಲು. ಗಂಡ ಹೆಂಡತಿ ಕೂಡಿ ಗುಹಿ ಅಳದು ನಕಾಶಿ ತಗದಿದ್ರು. ಆಮ್ಯಾಲ ಇಬ್ರೂ ಬ್ಯಾರೆ ಆದ್ರು, ಈ ಮನಷ್ಯಾ ಗುಹಿಗೆ ಹೋಗೂದ ಬಿಟ್ಟ, ಮಕ್ಕಳು ಮನಿಗೆ ಬಂದಾಗ ಆಡ್ಲಿ ಅಂತ 1975-76ರಾಗ ಫೋರ್ಟ್ರಾನ್ ಅನ್ನೂ ಪ್ರೋಗ್ರಾಮ್ ಭಾಷಾದಾಗ ಆ ಗುಹಿನ ಬರದ, ಪಿಡಿಪಿ-10 ಅನ್ನೂ ಕೋಲಿ ತುಂಬೂ ಮಷೀನ್ ಮ್ಯಾಲ. 1977ರಾಗ ಸ್ಟ್ಯಾನ್‌ಫರ್ಡಿನ ಡಾನ್ ವುಡ್ಸ್ ಅನ್ನಾವ ಅದನ್ನ ದೊಡ್ಡದ ಮಾಡಿದ, ಮಾಯಾ ಮಂತ್ರ ಇನ್ನಷ್ಟ ತುಂಬಿದ. ಅಂದ್ರ ನೀ ಹೊರಸಿನ ಮ್ಯಾಲ ಕುಂತು ತಿರಗಾಕತ್ತಿದ್ದು, ಒಬ್ಬ ಮನಷ್ಯಾ ಮೊಳಕಾಲ ಕೆತ್ತಿಸಿಕೊಂಡು ಹರದಾಡಿದ ಜಾಗಾ. ಅದಕ್ಕ ಅದು ಅಷ್ಟ ಗಟ್ಟಿ ಅನಸ್ತೈತಿ ಅಂತ ನನ್ನ ಲೆಕ್ಕ.

ಝಾರ್ಕ್ ಅದರ ಬೆನ್ನಿಗೆ ಬಂದದ್ದು. ಅಮೆರಿಕಾದ ಎಂಐಟಿ ವಿಶ್ವವಿದ್ಯಾಲಯದ ನಾಕ್ ಮಂದಿ ಹುಡುಗ್ರು 1977ಕ್ಕ ಸುರು ಮಾಡಿದ್ರು, 1979ರಾಗ ಅವರಾಗ ಕೆಲವ್ರು ಬ್ಯಾರೆಯವ್ರ ಜೋಡಿ ಕೂಡಿ ಇನ್ಫೊಕಾಂ ಅಂತ ಕಂಪನಿ ತಗದ್ರು, ಆಮ್ಯಾಲ ಅದರಿಂದ ಗೇಮ್ ಮಾರಿದ್ರು. ಆಗಿನ ಮನಿ ಕಂಪ್ಯೂಟರ್ ಹತ್ತು ಥರ, ಹತ್ತಕ್ಕೂ ಬ್ಯಾರೆ ಬ್ಯಾರೆ ಬರಿಯೂದು ಆಗಂಗಿಲ್ಲಂತ ಝಡ್ ಮಷೀನ್ ಅಂತ ಒಂದ್ ಸುಳ್ಳ ಕಂಪ್ಯೂಟರ್ ಕಲ್ಪನಾ ಮಾಡಿ ಅದಕ್ಕ ಬರದ್ರು. ಆ ಪುಣ್ಯಾದಿಂದ ಈಗ ನಿನ್ನ ಫೋನಿನ್ಯಾಗ ನಡೀತೈತಿ. ಆ ಝಡ್ ಮಷೀನಿನ ಮೂರನೇ ಆವೃತ್ತಿ ಫೈಲು 128 ಕೆಬಿ ದಾಟೂಹಂಗ ಇಲ್ಲ. ಈಗಿನ ಗೇಮಿನ ಒಂದ್ ಬೂಟಿನ ಚಿತ್ರಕ್ಕ ಅದಕ್ಕಿಂತ ಹೆಚ್ಚ ಬೇಕು!

ನಂದು ಸುರು ಆಗಿದ್ದು ರೋಗ್ ಅನ್ನೂ ಗೇಮಿಂದ, 1980ರದ್ದು. ನಮ್ಮ ಕಾಲೇಜ್ ಲ್ಯಾಬಿನ್ಯಾಗ ಹಸರ ಅಕ್ಷರದ ಟರ್ಮಿನಲ್ ಇದ್ವು, ಯುನಿಕ್ಸ್. ಹೊರಗ ಬೆಳಗಾವಿ ಮಳಿ, ಮೂರ ದಿನಾ ಆದ್ರೂ ಬಿಡಂಗಿಲ್ಲ, ಒಳಗ ನಾವು. ನೀ ಅಂದ್ರ ಒಂದ್ ಅಟ್ ಚಿಹ್ನೆ (@). ಭೂತ ಪ್ರೇತ ಎಲ್ಲಾ ಇಂಗ್ಲಿಷಿನ ದೊಡ್ಡಕ್ಷರ, ಬಿ ಅಂದ್ರ ಬಾವಲಿ, ಝಡ್ ಅಂದ್ರ ಝಾಂಬಿ, ಟಿ ಅಂದ್ರ ಟ್ರೋಲ್. ಸತ್ತಿ ಅಂದ್ರ ಸತ್ತಿ, ಮೊದಲಿಂದ. ಒಂದಿನ ನಮ್ಮ ದೋಸ್ತಗ ಮೂಲ್ಯಾಗ ಟಿ ಕಾಣಿಸ್ತು, ಅಯ್ಯಯ್ಯೋ ಅಂತ ಎಂಥಾ ಒದರಿದ ಅಂದ್ರ ಲ್ಯಾಬ್ ಸರ್ ಕೋಲ್ ಹಿಡಕೊಂಡ ಓಡಿ ಬಂದ್ರು, ಹಾವ್ ಹೊಕ್ಕೈತಿ ಅಂತ. ಎಲ್ಲೈತಿ ಅಂದ್ರ ಇಂವಾ ಟಿ ಅಕ್ಷರ ತೋರಸ್ತಾನ. ವಾರ ಲ್ಯಾಬ್ ಬಂದ್ ನಮಗ.

ನಿನಗ ಪಕ್ಕಾ ರೋಲ್ ಪ್ಲೇಯಿಂಗ್ ಬೇಕಂದ್ರ ಎರಡ್ ದಾರಿ. ಒಬ್ಬನ ಆಡಾಂವ ಇದ್ರ ನೆಟ್‌ಹ್ಯಾಕ್, 1987ರಿಂದ ಐತಿ, ರೋಗಿನ ಮೊಮ್ಮಗ ಅನ್ನು, 13 ನಮೂನಿ ಪಾತ್ರ, ಮೊದಲ ವಾಲ್ಕಿರಿ ತಗೋ, ಜಲ್ದಿ ಸಾಯಂಗಿಲ್ಲ. ಮಂದಿ ಜೋಡಿ ಆಡ್ತೀನಂದ್ರ ಮಡ್, ಅಂದ್ರ ಭಾಳ ಮಂದಿ ಕೂಡಿ ಆಡೂ ಅಕ್ಷರದ ಗೇಮ್. 1978ರಾಗ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಾಗ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಅನ್ನೂ ಇಬ್ರು ಹುಡುಗ್ರು ಹುಟ್ಟಿಸಿದ್ದು, ಒಂದ ಗುಹ್ಯಾಗ ಹತ್ತಾರ್ ಮಂದಿ ಒಮ್ಮೆಗೆ.

ಮಡ್ ನಂಗ ಸಿಕ್ಕಿದ್ದು ಪುಣೇದಾಗ ನೌಕರಿಗೆ ಇದ್ದಾಗ, 97. ಬರೇ ಅಕ್ಷರ ಬರೋ ಶೆಲ್ ಅಕೌಂಟ್ ಇತ್ತು, ಚಿತ್ರದ ಅಕೌಂಟಿಗೆ ರೊಕ್ಕ ಹೆಚ್ಚು. ಹಗಲೆಲ್ಲಾ ಆಫೀಸಿನ್ಯಾಗ ವಿದೇಶದ ಫೋನ್ ಬಂದ್ರ ನನ್ನ ಇಂಗ್ಲಿಷ್ ಕೇಳಿ ಮೂರ್ ಮೂರ್ ಸರ್ತಿ ಪಾರ್ಡನ್ ಪಾರ್ಡನ್ ಅನ್ನಾವ್ರು, ನಾಚಿಕಿ ಬರ್ತಿತ್ತು. ರಾತ್ರಿ ಮಡ್ ಒಳಗ ನಾ ಒಬ್ಬ ಮುಪ್ಪಾದ ವೈದ್ಯ. ಬರದಷ್ಟ ನಾನು. ಉಚ್ಚಾರ ಇಲ್ಲ, ಮಾರಿ ಇಲ್ಲ, ಊರಿಲ್ಲ. ಸ್ವೀಡನ್ನಿನಾವ ಒಬ್ಬ ಎಂಟ ತಿಂಗಳ ಆದಮ್ಯಾಲ ಕೇಳಿದ, ನೀವು ಖರೇ ಡಾಕ್ಟರ್ರಾ ಅಂತ. ಅವತ್ತ ರಾತ್ರಿ ನಿದ್ದಿ ಬರಲಿಲ್ಲ ನಂಗ. ರೋಲ್ ಪ್ಲೇ ಅಂದ್ರ ಇದು, ಬರೇ ಕತ್ತಿ ಲೆವೆಲ್ ಅಲ್ಲ.


ಹೆಡ್‌ಶಾಟ್_ಹುಡುಗ (ವಿಜಯಪುರ), ಮುಂಜಾನೆ 9:40

ಕಾಕಾರ ದೊಡ್ಡೋರಿದ್ದೀರಿ, ಬೈಬ್ಯಾಡ್ರಿ, ಆದ್ರ ಇದು ಬಡವರ ಟೈಂಪಾಸ್ ಅಲ್ಲೇನ್ರಿ? ಗ್ರಾಫಿಕ್ಸ್ ಕಾರ್ಡ್ ಇದ್ದಿದ್ರ ನೀವೂ ಇದನ್ನ ಆಡ್ತಿದ್ದಿಲ್ಲ. ನಾ ಒಂದ್ ಪ್ಯಾರಾ ಓದೂದ್ರೊಳಗ ಇಬ್ಬರನ್ನ ಹೊಡದು ಮೂರನೇದಾಂವನ ಲೂಟ್ ತಗದಿರ್ತೀನಿ. ಮತ್ತ ಕೊಲಾಸಲ್ ಕೇವಿನ್ಯಾಗ ಲೆವೆಲ್ ಇಲ್ಲ, ಎಚ್‌ಪಿ (ಜೀವದ ಅಂಕಿ) ಇಲ್ಲ, ಅದು ರೋಲ್ ಪ್ಲೇಯಿಂಗ್ ಗೇಮ್ ಹೆಂಗಾತು? ಪಜಲ್ ಅದು.


ಲಿಂಬಿ_ತ್ವಾಟ, ಮುಂಜಾನೆ 10:15

ಪಜಲ್ ಅಂದ್ರ ಪಜಲ್ ಅನ್ನಪಾ, ಅದಕ್ಕ ಜಗಳ ಬ್ಯಾಡ. ಬಡವರದು ಅಂದಿದ್ದಂತೂ ಖರೆ ಅದ, ನನ್ನ ಫೋನಿನ್ಯಾಗ ಬ್ಯಾರೆ ಯಾವ್ದೂ ನಡ್ಯಂಗಿಲ್ಲ. ಆದ್ರ ದೋಸ್ತನ ಹೊಸಾ ಫೋನ್ ಕೈಯಾಗಿದ್ದಾಗೂ ನಂಗ ಗುಹೀನ ನೆನಪ ಬರ್ತದ, ಇದಕ್ಕೇನಂತೀದಿ? ಕಾಕಾರ, ಆ ವೈದ್ಯನ ಕಥಿ ಇನ್ನಷ್ಟ ಹೇಳ್ರಿ.


ನವನಗರ_ಕಿವಿ (ಬಾಗಲಕೋಟೆ), ಮಧ್ಯಾಹ್ನ 2:30

ಹೆಡ್‌ಶಾಟ್ ಅವ್ರಿಗೆ ಒಂದ್ ಮಾತ ಹೇಳ್ತೇನಿ, ಸಿಟ್ಟಿಂದಲ್ಲ. ನಂಗ ಹುಟ್ಟಿದಾಗಿಂದ ಕಣ್ಣ ಕಾಣಂಗಿಲ್ಲ. ಯಾವ ಗ್ರಾಫಿಕ್ಸ್ ಕಾರ್ಡ್ ಕೊಟ್ರೂ ನಂಗ ಅಷ್ಟ. ಕಂಪ್ಯೂಟರಿನ್ಯಾಗ ಎನ್‌ವಿಡಿಎ ಅಂತ ಸ್ಕ್ರೀನ್ ರೀಡರ್ ಐತಿ, ಪುಕ್ಕಟ್ ಸಿಗತೈತಿ, ಪರದೆ ಮ್ಯಾಲ ಬಂದ ಅಕ್ಷರ ಓದಿ ಹೇಳ್ತೈತಿ, ಅದರ ಜೋಡಿ ನಾ ಮಡ್ ಆಡಾಕತ್ತು ಆರ್ ವರ್ಷ ಆತು. ಅಕೇಯಾ ಅಂತ ಒಂದೈತಿ, 1997ರಿಂದ ನಡದೈತಿ, ಅದ್ರಾಗ ನನ್ನಂಥಾ ಕಣ್ಣಿಲ್ಲದವ್ರು ಬೇಕಾದಷ್ಟ ಮಂದಿ ಅದಾರ. ಜೋಡಿಗೆ ಇದ್ದಾಂವಗ ಕಣ್ಣ ಐತೋ ಇಲ್ಲೋ ತಿಳಿಯಂಗಿಲ್ಲ, ತಿಳ್ಕೊಳ್ಳೂ ಕೆಲಸಾನೂ ಇಲ್ಲ. ಎಲ್ಲಾರಿಗೂ ಬರೂದು ಅದ ನಾಕ ಸಾಲು.

ಮಂದಿ ಕಲ್ಪನಾಶಕ್ತಿ ಕಲ್ಪನಾಶಕ್ತಿ ಅಂತಾರ, ಚಿತ್ರ ನಿಮ್ಮ ತಲಿಯೊಳಗ ಮೂಡ್ತೈತಿ ಅಂತಾರ. ನನ್ನ ತಲಿಯೊಳಗ ಚಿತ್ರ ಮೂಡಂಗಿಲ್ಲ, ಚಿತ್ರ ಅಂದ್ರ ಏನಂತನ ನಂಗ ಗೊತ್ತಿಲ್ಲ. ಆದ್ರೂ ನಂಗ ಅದು ಹಿಡದೈತಿ. ಅದಕ್ಕ ಬರೇ ಚಿತ್ರದ ಮಾತಲ್ಲ ಇದು.

ಹೆಂಗಂದ್ರ, ನಮ್ಮ ನವನಗರ ನೋಡ್ರಿ. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಮುಳುಗತೈತಿ ಅಂತ ಕಟ್ಟಿದ ಊರು, ಸೆಕ್ಟರ್ ಸೆಕ್ಟರ್, ಎಲ್ಲಾ ರಸ್ತಾ ಒಂದ ಥರ ನೆಟ್ಟಗ. ಹಳೇ ಬಾಗಲಕೋಟ್ಯಾಗ ನಂಗ ದಾರಿ ತಪ್ಪಂಗಿಲ್ಲ, ಒಂದ್ ಸಂದ್ಯಾಗ ಹಿಟ್ಟಿನ ಗಿರಣಿ, ಒಂದ್ ಕಡೆ ಕಿರಾಣಿ ಅಂಗಡಿ ಒಣ ಮೆಣಸಿನಕಾಯಿ ವಾಸನಿ, ಒಂದ್ ತಿರುವಿನ್ಯಾಗ ಯಾವಾಗ್ಲೂ ಗಾಳಿ. ನವನಗರದಾಗ ಬಂದಾಗ ಎಣಿಸಿ ಕಲ್ತೆ. ಇಪ್ಪತ್ತ ಹೆಜ್ಜಿ, ಎಡಕ್ಕ, ಮೋರಿ ದಾಟೂದು, ಮತ್ತ ಮೂರನೇ ಗೇಟು. ಮಡ್ ಒಳಗ ಹೊಕ್ಕಾಗ ನಂಗ ನಗು ಬಂತು, ಯಾಕಂದ್ರ ಅಲ್ಲಿ ಜಗತ್ತ ಇರೂದ ಹಿಂಗ. ಇದು ಸಂತಿ ಬಯಲು, ಉತ್ತರಕ್ಕ ದಾರಿ ಐತಿ, ಪೂರ್ವಕ್ಕ ಬಾಗಲಾ ಐತಿ, ಕಮ್ಮಾರನ ಸಪ್ಪಳ ಬರಾಕತ್ತೈತಿ. ಕಣ್ಣಿದ್ದೋರು ಆಟಕ್ಕಂತ ಮಾಡ್ಕೊಂಡಿದ್ದು ನಾ ದಿನಾ ಮುಂಜಾನೆ ಮಾಡೂದು. ಮೊದಲನೇ ಸರ್ತಿ ನಾ ಮಂದಿಕಿಂತ ಮುಂದಿದ್ದೆ. ಆ ಸುಖ ಹೆಂಗ ಹೇಳ್ಲಿ!

ಒಂದ್ ತಕರಾರು ಐತಿ ಕಾಕಾರ. ನೆಟ್‌ಹ್ಯಾಕ್ ಅಕ್ಷರದ ಗೇಮ್ ಅಂತ ನೀವು ಅಂದ್ರಿ, ನನ್ನ ಸ್ಕ್ರೀನ್ ರೀಡರಿಗೆ ಅದು ಅಕ್ಷರ ಅಲ್ಲ. ಚುಕ್ಕಿ ಚುಕ್ಕಿ ಚುಕ್ಕಿ ಅಟ್ ಚುಕ್ಕಿ ಪ್ಲಸ್ ಗೆರಿ ಗೆರಿ ಅಂತ ಓದ್ಕೋತ ಹೋಗತೈತಿ, ಅದು ಅಕ್ಷರದಿಂದ ತಗದ ಚಿತ್ರಾರೀ. ಹತ್ತ ನಿಮಿಷದಾಗ ತಲಿನೋವ ಬಂತು. ಹಂಗ ಮಡ್ ಒಳಗೂ ದೊಡ್ಡ ಯುದ್ಧ ಇದ್ರ ಸಾಲ ಮ್ಯಾಲ ಸಾಲ ಸುರೀತಾವು, ರೀಡರಿಂದ ಓದೂದು ಆಗಂಗಿಲ್ಲ, ಬ್ಯಾಡಾದ್ದು ಸೋಸಿ ಬಿಡಾಕ ಟ್ರಿಗರ್ ಅಂತ ಸಣ್ಣ ಸಣ್ಣ ಪ್ರೋಗ್ರಾಮ್ ಬರ್ಕೋಬೇಕು, ಅದ ಒಂದ್ ಕಲಿಕಿ. ನಂಗ ಪ್ರೋಗ್ರಾಮಿಂಗ್ ಬಂದದ್ದ ಅದರಿಂದ, ಈಗ ಅದ ಹೊಟ್ಟಿ ತುಂಬಸ್ತೈತಿ.


ಸಾಲಿ_ಅಕ್ಕೋರು (ಬೈಲಹೊಂಗಲ), ಸಂಜಿ 6:10

ಕನ್ನಡದಾಗ ಮಾಡಾಕ ಬರ್ತದೇನು ಅಂತ ಕೇಳೀರಲ್ಲ, ಬರ್ತೈತಿ, ನಾವು ಮಾಡೇವಿ. ನಾ ಹೈಸ್ಕೂಲ್ ಟೀಚರ್. ಟ್ವೈನ್ ಅಂತ ಒಂದ್ ಸಾಧನ ಐತಿ, ಕ್ರಿಸ್ ಕ್ಲಿಮಾಸ್ ಅನ್ನೋರು 2009ರಾಗ ಮಾಡಿದ್ದು, ಪುಕ್ಕಟ್. ಅದ್ರಾಗ ಟೈಪ್ ಮಾಡಿ ಆಜ್ಞಾ ಕೊಡೂದಿಲ್ಲ, ಒಂದ್ ತುಣುಕ ಓದಿ ಕೆಳಗಿನ ಎರಡೋ ಮೂರೋ ದಾರ್ಯಾಗ ಒಂದು ಒತ್ತೂದು. ಕಡೀಗೆ ಬರೂದು ಒಂದ್ ವೆಬ್ ಪೇಜು, ಹಂಗಾಗಿ ಯುನಿಕೋಡ್ ಕನ್ನಡ ಒತ್ತಕ್ಷರ ಸಮೇತ ಚೊಲೋ ಕಾಣ್ತೈತಿ, ಫೋನಿನ್ಯಾಗೂ ನಡೀತೈತಿ.

ಹ್ವಾದ ವರ್ಷ ಒಂಬತ್ತನೇತ್ತೆ ಮಕ್ಕಳನ್ನ ವಿಜಾಪುರಕ್ಕ ಟ್ರಿಪ್ ಕರ್ಕೊಂಡ ಹೋಗಿದ್ವಿ. ಬಂದಮ್ಯಾಲ ಪ್ರಬಂಧ ಬರೀರಿ ಅಂದ್ರ ಎಲ್ಲಾರ್ದೂ ಒಂದ, ಗೋಳಗುಮ್ಮಟವು 1656ರಲ್ಲಿ ಪೂರ್ಣಗೊಂಡಿತು, ಮೊಹಮ್ಮದ್ ಆದಿಲ್‌ಶಾಹನ ಸಮಾಧಿಯಾಗಿದೆ, ನಾವು ಬಹಳ ಸಂತೋಷಪಟ್ಟೆವು. ಮಕ್ಕಳ ದನೀನ ಇಲ್ಲ ಅದ್ರಾಗ. ಅದಕ್ಕ ಟ್ವೈನಿನ್ಯಾಗ ಬರೀರಿ ಅಂದೆ. ಏನ್ ಬದಲಾತಂದ್ರ, ಓದಾಂವ ಅಲ್ಲಿ ನಿಂತಾನ, ಅಂವಗ ಏನ್ ಕಾಣ್ತೈತಿ, ಏನ್ ಕೇಳ್ತೈತಿ ಅಂತ ಹೇಳ್ಲಿಕ್ಕೇ ಬೇಕು. ಇಸವಿ ಹೇಳಿದ್ರ ಅಂವಾ ಮುಂದ ಹೋಗಂಗಿಲ್ಲ. ಮೂಲೀ ಮಿನಾರಿನ ಒಳಗಿನ ಪಾವಟಿಗಿ ಹತ್ತುವಾಗ ಕತ್ತಲಿ, ಮುಂದಿನಾಂವನ ಚಪ್ಪಲಿ ಸಪ್ಪಳ, ಬಾವಲಿ ಹೊಲಸಿನ ವಾಸನಿ, ಎಲ್ಲಾ ಬಂತು. ಪಿಸುಗುಟ್ಟೂ ಗ್ಯಾಲರಿಯೊಳಗ ಒಬ್ಬ ಹುಡುಗ ಮೂರ್ ದಾರಿ ಇಟ್ಟಿದ್ದ, ಒದರು, ಪಿಸುಗುಟ್ಟು, ಸುಮ್ಮನ ನಿಂದ್ರು. ಎಲ್ಲಾರೂ ಒದರ್ತಾರ. ಸುಮ್ಮನ ನಿಂದ್ರು ಅಂತ ಒತ್ತಿದ್ರ ಮಾತ್ರ ಹಿಂದ ಯಾರೋ ಎಂದೋ ಆಡಿ ಬಿಟ್ಟ ಮಾತು ಕೇಳಿಸ್ತೈತಿ. ಹದಿನಾಕ ವರ್ಷದ ಹುಡುಗ, ನಾ ದಂಗಾಗಿ ಕುಂತೆ.

ತ್ರಾಸ ಬಂದದ್ದು ಒಂದ, ನೀನು ಅನ್ಬೇಕೋ ನೀವು ಅನ್ಬೇಕೋ. ಇಂಗ್ಲಿಷಿನ್ಯಾಗ ಯು ಅಂದ್ರ ಮುಗೀತು. ಮಕ್ಕಳು ನೀನು ಅಂತ ಬರದಿದ್ರು, ಹೆಡ್‌ಮಾಸ್ತರ್ ಆಡಾಕ ಕುಂತ್ರು, ಎರಡನೇ ಒತ್ತಿಗೆ ಗೇಮ್ ಅಂತೈತಿ, ನೀ ಕಾಲ್ ಜಾರಿ ಬಿದ್ದಿ, ಮ್ಯಾಲಕ್ಕ ನೋಡ್ಕೊಂಡ ನಡೀಬ್ಯಾಡ. ಕ್ಲಾಸ್ ಎಲ್ಲಾ ಗೊಳ್ ಅಂತ ನಕ್ಕಿತು, ಅವರ ಮಾರಿ ಕೆಂಪ. ಕಡೀಗೆ ಒಬ್ಬಾಕಿ ಹುಡುಗಿ ಉಪಾಯ ಹುಡುಕಿದ್ಲು, ಮೊದಲನೇ ಪುಟದಾಗ ನೀವು ಹಿರೇರೋ ನಮ್ಮ ವಾರಗಿಯವ್ರೋ ಅಂತ ಕೇಳೂದು, ಆಮ್ಯಾಲ ಅದರ ಪ್ರಕಾರ ಬಿದ್ದಿ ಅಥವಾ ಬಿದ್ರಿ. ಎಷ್ಟ ಕೆಲಸ ಬಿತ್ತು ಅಂತೀರಿ! ಒಂದೊಂದ್ ಕ್ರಿಯಾಪದ ಎರಡೆರಡ ಸರ್ತಿ. ವ್ಯಾಕರಣ ಪಿರಿಯಡ್ಡಿನ್ಯಾಗ ಕಲೀಲಾರದ್ದು ಆ ಒಂದ್ ವಾರದಾಗ ಕಲ್ತ್ರು.

ಆದ್ರ ಟೈಪ್ ಮಾಡಿ ಆಡೂ ಥರದ್ದು ಕನ್ನಡದಾಗ ಭಾಳ ಕಷ್ಟ ಅಂತ ನನ್ನ ಅನಿಸಿಕಿ. ಇಂಗ್ಲಿಷಿನ್ಯಾಗ ಟೇಕ್ ಲ್ಯಾಂಪ್, ಕ್ರಿಯಾಪದ ಮೊದಲ. ನಮ್ದು ಕಡೀಗೆ. ಅದಲ್ದ ಕಂದೀಲ ತಗೋ, ಕಂದೀಲಾ ತೊಗೊ, ಕಂದೀಲನ್ನ ಹಿಡಕೋ, ಕಂದೀಲ್ ಎತ್ತು, ಎಷ್ಟ ಥರ! ಮೈಸೂರ ಕಡಿಯವ್ರು ಲಾಟೀನು ಅಂತಾರ.


ಹೆಡ್‌ಶಾಟ್_ಹುಡುಗ, ಸಂಜಿ 7:00

ಅಕ್ಕೋರ ಇದಕ್ಕೆಲ್ಲಾ ಯಾಕಿಷ್ಟ ತಲಿ ಕೆಡಿಸ್ಕೋತೀರಿ, ಎಐ ಅದಲ್ಲ. ಕನ್ನಡದಾಗ ಕಥಿ ನಡಸು, ನಾ ರಾಜಕುಮಾರ ಅಂದ್ರ ನಡಸ್ತದ, ಲಾಟೀನೂ ತಿಳೀತದ ಕಂದೀಲೂ ತಿಳೀತದ. ಬೇಕಂದ್ರ ಬಿಜಾಪುರ ಭಾಷಾದಾಗೂ ಮಾತಾಡ್ತದ, ಅರ್ಧಾ ತಪ್ಪ ಮಾತಾಡ್ತದ ಅದು ಬ್ಯಾರೆ ಮಾತು.


ಟಿಳಕವಾಡಿ_ಕಾಕಾ, ರಾತ್ರಿ 9:30

ಮೊದಲ ನವನಗರದ ದೋಸ್ತಗ, ತಪ್ಪಾತ್ರಿ, ಮೂವತ್ತ ವರ್ಷ ರೋಗು ನೆಟ್‌ಹ್ಯಾಕು ಆಡೇನಿ, ಅದು ಅಕ್ಷರದಿಂದ ತಗದ ಚಿತ್ರ ಅಂತ ಎಂದೂ ತಲಿಗೆ ಹೊಳದಿದ್ದಿಲ್ಲ. ಸೋಸೂ ಟ್ರಿಗರ್ ಹೆಂಗ ಬರ್ಕೊಂಡ್ರಿ ಅಂತ ಬ್ಯಾರೆ ಥ್ರೆಡ್ ಹಾಕ್ರಿ, ನಂಗೂ ಬೇಕು, ಈಗ ಚಾಳೀಸ್ ಇಲ್ದ ಏನೂ ಓದಾಕ ಆಗಂಗಿಲ್ಲ.

ಅಕ್ಕೋರ, ಪಾರ್ಸರ್, ಅಂದ್ರ ಟೈಪ್ ಮಾಡಿದ ಆಜ್ಞಾ ತಿಳಕೊಳ್ಳೂ ಭಾಗ, ನೀವು ಅಂದಷ್ಟ ಕಷ್ಟ ಇಲ್ಲ ಅಂತ ನಂದು. ಹಳೇ ಕೊಲಾಸಲ್ ಕೇವ್ ಒಂದೊಂದ್ ಶಬ್ದದ ಮೊದಲಿನ ಐದ್ ಅಕ್ಷರ ಅಷ್ಟ ನೋಡ್ತಿತ್ತು, ಬಾಲದಾಗ ಏನರ ಇರ್ಲಿ. ಕನ್ನಡಕ್ಕ ಇದು ಹೇಳಿ ಮಾಡಿಸಿದಂಗ ಐತಿ, ನಮ್ಮ ವಿಭಕ್ತಿ ಎಲ್ಲಾ ಬಾಲಕ್ಕ ಹತ್ತೂದು. ಕಂದೀಲ, ಕಂದೀಲನ್ನ, ಕಂದೀಲಿಗೆ, ತಲಿ ಎಲ್ಲಾಕ್ಕೂ ಒಂದ. ಕ್ರಿಯಾಪದ ಕಡೀಗೆ ಐತಿ ಅಂದ್ರ ಕಡೀ ಶಬ್ದಾನ ಮೊದಲ ಓದಿದ್ರಾತು. ತಗೋ ತೊಗೊ ಹಿಡಕೋ ಇವಕ್ಕ ಒಂದ್ ಪಟ್ಟಿ. ಆಜ್ಞಾ ಎಲ್ಲಾ ಹೋಗು, ತಗೋ, ಬಿಡು, ಹಚ್ಚು ಇಷ್ಟ ಇರೂದ್ರಿಂದ ಭೂತಕಾಲದ ಗದ್ದಲೂ ಇಲ್ಲ. ರಜಾದಾಗ ಕೂಡೂಣು, ಪೈಥಾನ್ ಅನ್ನೂ ಪ್ರೋಗ್ರಾಮ್ ಭಾಷಾದಾಗ ನಾ ಬರೀತೇನಿ, ಮಕ್ಕಳು ಗೋಳಗುಮ್ಮಟ ಬರೀಲಿ.

ಇನ್ನ ಎಐ ಮಾತು. ಹೆಡ್‌ಶಾಟ್ ಅಪ್ಪಾ, ಇದು ಹೊಸಾದಲ್ಲ, ಎಐ ಡಂಜನ್ ಅಂತ 2019ರಾಗ ಬಂತು, ಆಗಿಂದ ನೋಡಾಕತ್ತೇನಿ. ಮೊದಲ ಎರಡ ದಿನಾ ಭಾಳ ಖುಷಿ. ಮೂರನೇ ದಿನಾ ನಾ ಬರದೆ, ಗ್ವಾಡಿಯೊಳಗ ಬಾಗಲಾ ಐತಿ ಅಂತ. ಹೌದು ಐತಿ ಅಂತು. ಬಾಗಲದ ಹಿಂದ ಕುಂದಾದ ಡಬ್ಬಿ ಐತಿ ಅಂದೆ, ಅದಕ್ಕೂ ಹೌದು. ಮುಗೀತಲ್ಲ. ನಾ ಹೇಳಿದ್ದಕ್ಕೆಲ್ಲಾ ಹೂಂ ಅನ್ನಾಂವನ ಜೋಡಿ ಎಷ್ಟೊತ್ತ ಮಾತಾಡ್ಲಿ? ಕ್ರೌಥರನ ಗುಹಿ ನಾ ಬರೂಕಿಂತ ಮೊದಲ ಅಲ್ಲೈತಿ. ನಾ ಏನರ ಬರೀಲಿ, ಗ್ವಾಡಿ ಗ್ವಾಡೀನ. ಆ ಹಠಕ್ಕ ನಾ ಮರ್ಯಾದಿ ಕೊಡ್ತೇನಿ.

ನಮ್ಮ ಆಯಿ ಕಥಿ ಹೇಳುವಾಗ ಹೂಂ ಅನ್ನೂದು ನಮ್ಮ ಕೆಲಸ, ಹೂಂ ನಿಂತ್ರ ಕಥಿ ನಿಂತಂಗ. ಮೂರು ದಿಕ್ಕಿಗೆ ಹೋಗು, ಉತ್ತರ ದಿಕ್ಕಿಗೆ ಮಾತ್ರ ಹೋಗಬ್ಯಾಡ ಅಂತ ರಾಜಾ ಮಗಗ ಹೇಳ್ತಾನ. ನಾವು ಎಷ್ಟ ಸರ್ತಿ ಬ್ಯಾಡ ಆಯಿ ಅಂವಗ ಹೋಗಬ್ಯಾಡನ್ನು ಅಂದ್ರೂ ಆ ಮಬ್ಬ ಉತ್ತರಕ್ಕ ಹೋಗಾಂವ. ಲ್ಯಾಬಿನ್ಯಾಗ ಮೊದಲನೇ ಸರ್ತಿ ಗೇಮ್ ನನ್ನ ಕೇಳ್ತಲ್ಲ, ಯಾವ ಕಡೆ ಹೋಗ್ತಿ ಅಂತ, ನಾ ಬೇಕಂತನ ದಕ್ಷಿಣಕ್ಕ ಹ್ವಾದೆ. ಹೋಗೂದು ನನ್ನ ಕೈಯಾಗ ಬಂತು, ದಾರಿ ಮಾತ್ರ ನನ್ನ ಕೈಯಾಗಿಲ್ಲ. ಎರಡೂ ಬೇಕ ನಂಗ.


ಹೆಡ್‌ಶಾಟ್_ಹುಡುಗ, ರಾತ್ರಿ 12:50

ಸರಿ, ನೆಟ್‌ಹ್ಯಾಕ್ ಹಾಕ್ಕೊಂಡೆ. ವಾಲ್ಕಿರಿ ತಗೊಂಡೆ, ಜೋಡಿ ಒಂದ್ ಬೆಕ್ಕಿನ ಮರಿ ಬಂತು. ನಾಕನೇ ಅಂತಸ್ತಿನ ತನಕ ಎಲ್ಲಾರ್ನೂ ಹೊಡದೆ. ಹಸಿವಿ ಅಂತ ಬಂತು, ಎಷ್ಟೊತ್ತಿನ ಹಿಂದ ಸತ್ತಿದ್ದೋ ಏನೋ ಒಂದ್ ಹೆಣ ಬಿದ್ದಿತ್ತು, ತಿಂದೆ. ವಿಷ ಆಗಿ ಸತ್ತೆ. ಗೋರಿ ಕಲ್ಲ ತೋರಿಸಿ ಅದರ ಮ್ಯಾಲ ನನ್ನ ಹೆಸರ ಬರದು, ಕೊಳತ ಮಾಂಸ ತಿಂದ ಸತ್ತ ಅಂತ ಅದ. ಮೂರ್ ತಾಸ್ ಆತು ಕಾಕಾರ, ಬೆಕ್ಕಿನ ಮರಿ ಒಂದ ಉಳೀತಲ್ಲ ಅಲ್ಲಿ ಅಂತ ಹೊಟ್ಟಿ ಉರೀಲಾಕತ್ತದ. ಎರಡನೇದ್ದ ಸುರು ಮಾಡೀನಿ, ಯಾರಿಗೂ ಹೇಳಬ್ಯಾಡ್ರಿ.


ಲಿಂಬಿ_ತ್ವಾಟ, ಮೂರ್ ದಿನದ ಮ್ಯಾಲ, ರಾತ್ರಿ 2:55

ಎಲ್ಲಾರ್ದೂ ಓದೀನ್ರಿ, ಎರಡೆರಡ ಸರ್ತಿ. ಉತ್ತರ ಬರೀಲಾಕ ತಡಾ ಯಾಕಾತಂದ್ರ ಒಂದ್ ಮಜಾ ನಡದದ.

ಅವತ್ತ ಕರೆಂಟ್ ಕಾಯುವಾಗ ಅಪ್ಪಾನೂ ಬಂದಿದ್ದ, ನಿದ್ದಿ ಹತ್ತಲಿಲ್ಲಂತ. ಏನ್ ನೋಡ್ತಿ ಅಷ್ಟ ಅಂದ. ಅಪ್ಪಗ ಇಂಗ್ಲಿಷ್ ಬರಂಗಿಲ್ಲ, ಮೊಬೈಲ್ ಗೇಮ್ ಅಂದ್ರ ಉರಕೊಂಡ ಬೀಳ್ತಾನ. ಅದಕ್ಕ ಗೇಮ್ ಅಂತ ಹೇಳ್ಲಿಲ್ಲ, ಓದಿ ಓದಿ ಕನ್ನಡದಾಗ ಹೇಳಿದೆ. ರಸ್ತಾ ತುದಿ, ಸಣ್ಣ ಇಟ್ಟಂಗಿ ಮನಿ, ಒಳಗ ನೀರಿನ ಸೆಲಿ ಅಂದೆ. ಹಾಂ ಪಂಪ್‌ಸೆಟ್ ಮನಿ, ಅಂದ ಅಪ್ಪ. ನಾ ಅಲ್ಲ ಅನ್ಲಿಲ್ಲ. ಪೂರ್ವಕ್ಕ ಏನದ, ಪಶ್ಚಿಮಕ್ಕ ಏನದ, ಪೂರಾ ಹೇಳು ಅಂದ. ಖರೀದಿ ಪತ್ರದಾಗ ಚಕ್ಕುಬಂದಿ ಬರೀಸ್ತಾರಲ್ಲ, ಹಂಗ ಒಂದೊಂದ್ ದಿಕ್ಕ ಕೇಳಿ ಕೇಳಿ ಮನಸಿನ್ಯಾಗ ಇಟ್ಟಕೊಂಡ. ನಾ ಎರಡ್ ವಾರದಿಂದ ನೋಟ್‌ಬುಕ್ಕಿನ್ಯಾಗ ನಕಾಶಿ ತಗೀತೀನಿ, ಅಪ್ಪಗ ಒಂದ್ ತಾಸಿನ್ಯಾಗ ಬಾಯಿಪಾಠ.

ಮತ್ತ ಬೈತಾನ. ಹೊರಗ ಬಿಸಲಾಗ ದೀಪ ಯಾಕ ಹಚ್ಚೀದಿ, ಆರಿಸು ಅಂದ. ಆರಿಸಬಹುದು ಅಂತ ನಂಗ ಹೊಳದೇ ಇದ್ದಿಲ್ಲ! ಬ್ಯಾಟರಿ ಸುಮ್ಮ ಸುಮ್ಮನ ಸುಟ್ಟೀನಿ. ಹಾವು ಮತ್ತ ಹಕ್ಕಿ ಮಾತ ಇಲ್ಲಿ ಬರಿಯಂಗಿಲ್ಲ, ಆಡೋರಿಗೆ ಮಜಾ ಹೋಗ್ತದ, ಆದ್ರ ಹಕ್ಕಿ ಯಾಕ ಅಂಜ್ತದ ಅಂತ ಅಪ್ಪ ಒಂದ ಮಾತಿಗೆ ಹೇಳಿದ.

ನಾ ಎಲ್ಲಿ ಸಿಕ್ಕೊಂಡಿದ್ದೆ ಅಂದ್ರ, ಎಲ್ಲಾ ದಾರಿ ಒಂದೇ ಥರ ಇರೂ ಜಾಗಾದಾಗ. ಯಾವ ಕಡೆ ಹೋದ್ರೂ ಅದ ಸಾಲು ಬರ್ತದ. ನವನಗರದ ಅಣ್ಣಾರು ಬರದದ್ದ ನೆನಪ ಬಂತು, ಆದ್ರ ಇಲ್ಲಿ ಮೋರೀನೂ ಇಲ್ಲ ಗೇಟೂ ಇಲ್ಲ, ಎಣಿಸಿ ಏನ್ ಮಾಡೂದು. ಅಪ್ಪ ಬೀಡಿ ಹಚ್ಚಿ ಸ್ವಲ್ಪ ಸುಮ್ಮನ ಕುಂತ. ಆಮ್ಯಾಲ, ಕೈಯಾಗ ಏನೇನ ಅದ ನಿಂದು ಅಂದ. ಹೇಳಿದೆ. ಒಂದೊಂದ್ ಕೋಲಿಯೊಳಗ ಒಂದೊಂದ್ ಇಟ್ಟ ಹೋಗು, ಬಾಂದಗಲ್ಲ ಇಟ್ಟಂಗ, ತಿರುಗಿ ಬಂದಾಗ ಗುರ್ತ ಸಿಗತದ ಅಂದ. ಕೀಲಿಕೈ ಬಿಟ್ಟೆ, ಪಂಜರ ಬಿಟ್ಟೆ, ಬಾಟ್ಲಿ ಬಿಟ್ಟೆ. ತಿನ್ನೂದು ಬಿಡ್ಲಾಕ ಹ್ವಾದೆ, ಅನ್ನ ನೆಲಕ್ಕ ಬಿಡಬ್ಯಾಡ, ಬ್ಯಾರೆ ಏನರ ನೋಡು ಅಂದ. ಒಂದ್ ತಾಸಿಗೆ ಹೊರಬಿದ್ವಿ.

ಈಗ ದಿನಾ ರಾತ್ರಿ ಕರೆಂಟ್ ಬಂದು ಮೋಟಾರ್ ಚಾಲೂ ಮಾಡಿ ಬಂದು ಕುಂಡ್ರತಾನ, ಎಲ್ಲಿಗೆ ಬಿಟ್ಟಿದ್ದಿ ಅಂತಾನ. ದೋಸ್ತರಿಗೆ ಏನ್ ಹೇಳ್ಬೇಕಂತ ಕೇಳಿದ್ದೆ, ಅದು ಮರತೇ ಹೋಗ್ಯದ.

ಕಾಕಾರ, ಒಂದ್ ಮಾತ. ದೀಪ ಮಂದ ಆಗ್ಲಾಕತ್ತದ, ಮತ್ತ ಮೊದಲಿಂದ ಆಡ್ಬೇಕಾ ಅಂತ ನಾ ಅಂದ್ರ ಅಪ್ಪ ಅಂತಾನ, ಇಷ್ಟ ದೊಡ್ಡ ಗುಹಿ ಮಾಡಿದಾಂವ ಎಲ್ಲೋ ಒಂದ್ ಕಡೆ ಅಂಗಡಿ ಇಟ್ಟೇ ಇರ್ತಾನ, ಹುಡುಕು ಅಂತ. ಗುಹ್ಯಾಗ ಯಾರಪಾ ಅಂಗಡಿ ಇಡ್ತಾರ ಅಂತ ನಾ ನಕ್ಕೆ. ಉತ್ತರ ಪೂರಾ ಹೇಳಬ್ಯಾಡ್ರಿ, ಹೌದೋ ಅಲ್ಲೋ ಅಷ್ಟ ಹೇಳ್ರಿ.


ಟಿಳಕವಾಡಿ_ಕಾಕಾ, ಮುಂಜಾನೆ 6:40

ನಿಮ್ಮಪ್ಪಾಜಿಗೆ ನನ್ನ ನಮಸ್ಕಾರ ಹೇಳು. ಚಿಲ್ಲರ ರೊಕ್ಕ ಎಲ್ಲರ ಸಿಕ್ಕಿದ್ರ ಬಾಂದಗಲ್ಲ ಮಾಡಿ ಬಿಟ್ಟ ಬಂದಿಲ್ಲಲ್ಲ? ಅಷ್ಟ ಹೇಳಾಂವ ನಾ.